ಕಚೇರಿ ಕೆಲಸಕ್ಕೆ ನೋಟ್‌ಬುಕ್ ಇಟ್ಟುಕೊಂಡವರು ಅನುಭವ ಹೇಳಿ

ಅಂಧೇರಿಯಿಂದ ಪ್ರಶ್ನೆ:
ನಮಸ್ಕಾರ. ರಫ್ತು ಕಂಪನಿಯೊಂದಕ್ಕೆ ಹೊಸದಾಗಿ ಸೇರಿದವಳು ನಾನು, ಎಂಟು ತಿಂಗಳಾಯಿತು. ಕೆಲಸ ಮೇಲ್‌ನಲ್ಲಿ ಬರುತ್ತದೆ, ವಾಟ್ಸಾಪ್‌ನಲ್ಲಿ ಬರುತ್ತದೆ, ಸಾಹೇಬರು ಓಡಾಡುತ್ತಾ ಬಾಯಲ್ಲೂ ಹೇಳುತ್ತಾರೆ. ಮೂರು ಆ್ಯಪ್ ಹಾಕಿ ನೋಡಿದೆ. ಆದರೂ ವಾರಕ್ಕೆ ಒಂದೆರಡು ಕೆಲಸ ಮರೆತೇ ಹೋಗುತ್ತದೆ. ನೋಟ್‌ಬುಕ್‌ನಿಂದ ಸರಿಹೋಗುತ್ತಾ? ಹಿಂದೆ ಎರಡು ಸಲ ಬಣ್ಣದ ಪೆನ್ನು, ಸ್ಕೇಲು ಹಿಡಿದು ಚೆಂದವಾಗಿ ಶುರು ಮಾಡಿ ಹತ್ತೇ ಪುಟಕ್ಕೆ ಬಿಟ್ಟಿದ್ದೇನೆ.

ಡೊಂಬಿವಲಿಯಿಂದ:
ಸರಿಹೋಗುತ್ತದೆ ತಂಗಿ. ನಾನು ಹದಿಮೂರು ವರ್ಷದಿಂದ ಮಸ್ಜಿದ್ ಬಂದರಿನಲ್ಲಿ ಕಸ್ಟಮ್ಸ್ ಕ್ಲಿಯರಿಂಗ್ ಕೆಲಸದಲ್ಲಿದ್ದೇನೆ. ಮೊದಲ ವರ್ಷ ನ್ಹಾವಾ ಶೇವಾ ಬಂದರಿನಲ್ಲಿದ್ದ ಒಂದು ಕಂಟೇನರಿನ ಡೆಲಿವರಿ ಆರ್ಡರ್ (ಸರಕು ಬಿಡಿಸಿಕೊಳ್ಳಲು ಹಡಗು ಕಂಪನಿ ಕೊಡುವ ಪತ್ರ) ವಾಯಿದೆ ಶುಕ್ರವಾರ ಮುಗಿಯುತ್ತಿತ್ತು. ಬುಧವಾರವೇ ಫೋನಿನಲ್ಲಿ ಬರೆದಿಟ್ಟಿದ್ದೆ. ಅದರ ಮೇಲೆ ಇಪ್ಪತ್ತು ಸಾಲು ಬಂದು ಕೂತವು. ನೆನಪಾಗಿದ್ದು ಸೋಮವಾರ. ಅಷ್ಟರಲ್ಲಿ ಫ್ರೀ ಡೇಸ್, ಅಂದರೆ ಕಂಟೇನರನ್ನು ಬಾಡಿಗೆಯಿಲ್ಲದೆ ಇಟ್ಟುಕೊಳ್ಳುವ ದಿನಗಳು, ಮುಗಿದು ಡಿಟೆನ್ಷನ್ ಅನ್ನುವ ತಡದ ಶುಲ್ಕ ಬಿದ್ದಿತ್ತು. ನಮ್ಮ ಸಾಹೇಬರು ಬೈಯಲಿಲ್ಲ. ಸುಮ್ನೆ ಬಿಲ್ಲನ್ನು ನನ್ನ ಮೇಜಿನ ಮೇಲಿಟ್ಟು ಹೋದರು. ಅವತ್ತು ರಾತ್ರಿ ಊಟ ಸೇರಲಿಲ್ಲ.

ನನ್ನ ಸೋದರಮಾವ ಮಾಟುಂಗಾದ ಉಡುಪಿ ಹೋಟೆಲೊಂದರಲ್ಲಿ ಗಲ್ಲಾ ನೋಡಿಕೊಳ್ಳುತ್ತಿದ್ದರು. ರಾತ್ರಿ ಲೆಕ್ಕ ಮುಗಿದ ಮೇಲೆ ಉದ್ದನೆಯ ಪುಸ್ತಕ ತೆಗೆದು ಮಾರನೇ ದಿನದ ಕೆಲಸ ಬರೆಯುತ್ತಿದ್ದರು: ತೆಂಗಿನಕಾಯಿ, ಉದ್ದಿನಬೇಳೆ, ಗ್ರೈಂಡರ್ ರಿಪೇರಿಯವನಿಗೆ ಫೋನ್. ಆಗದೆ ಉಳಿದದ್ದನ್ನು ಮರುದಿನ ರಾತ್ರಿ ಹೊಸ ಪುಟಕ್ಕೆ ಇನ್ನೊಮ್ಮೆ ಕೈಯಾರೆ ಬರೆಯುತ್ತಿದ್ದರು. ನಾನು ಕಲಿತದ್ದು ಅಲ್ಲಿಂದ.

ದಿನಕ್ಕೊಂದು ಪುಟ, ಮೇಲೆ ತಾರೀಖು. ಕೆಲಸದ ಮುಂದೆ ಚುಕ್ಕೆ. ಮುಗಿದರೆ ಚುಕ್ಕೆಯ ಮೇಲೆ ಇಂಟು ಗುರುತು, ನಾಳೆಗೆ ಹೋದರೆ ಬಾಣ. ಅಮೆರಿಕದ ರೈಡರ್ ಕ್ಯಾರಲ್ 2013ರಲ್ಲಿ ಜನರ ಮುಂದಿಟ್ಟ ಬುಲೆಟ್ ಜರ್ನಲ್ ಕ್ರಮದಲ್ಲೂ ಇವೇ ಗುರುತುಗಳಿವೆ. ಅದನ್ನು ಈಗ ಜನ ಹೂವು, ಬಳ್ಳಿ ಬರೆದು ಸಿಂಗರಿಸುತ್ತಾರೆ. ನೀವು ಹತ್ತು ಪುಟಕ್ಕೆ ಸುಸ್ತಾಗಿದ್ದು ಅದಕ್ಕೇ ಇರಬೇಕು. ಅವಸರದಲ್ಲಿ ಸೊಟ್ಟಗೆ ಬರೆದರೂ ನಡೆಯುತ್ತದೆ, ನಾಳೆ ಓದಲು ಬಂದರೆ ಸಾಕು.

ಮುಖ್ಯವಾದದ್ದು ಸಂಜೆಯ ಹತ್ತು ನಿಮಿಷ. ಲೋಕಲ್ ಹಿಡಿಯಲು ಏಳುವ ಮೊದಲು ಉಳಿದ ಕೆಲಸಗಳನ್ನು ನಾಳೆಯ ಪುಟಕ್ಕೆ ಮತ್ತೆ ಬರೆಯುತ್ತೇನೆ. ಆ್ಯಪ್ ಆದರೆ ತಾನೇ ಮುಂದಕ್ಕೆ ತಳ್ಳುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಕೈಯಲ್ಲಿ ಬರೆಯುವಾಗ ಬೇಜಾರಾಗುತ್ತದೆ. ಆ ಬೇಜಾರೇ ಬೇಕಾಗಿರುವುದು. ಕಳೆದ ತಿಂಗಳು ‘ಇನ್‌ವಾಯ್ಸ್ ಸರಿಮಾಡಿಸು’ ಅಂತ ಸೋಮವಾರ ಬರೆದೆ, ಮಂಗಳವಾರ ಬರೆದೆ, ಬುಧವಾರ ಕೈ ನಿಂತಿತು. ಯಾಕೆ ಆಗುತ್ತಿಲ್ಲ ಅಂತ ಯೋಚಿಸಿದೆ. ಎಲ್ಲಿಂದ ಶುರು ಮಾಡಬೇಕು ಅನ್ನುವುದೇ ಆ ಸಾಲಿನಲ್ಲಿ ಇರಲಿಲ್ಲ. ಅದನ್ನು ಹೊಡೆದು ಹಾಕಿ ‘ಪಾರ್ಟಿಯ ಅಕೌಂಟೆಂಟಿಗೆ ಫೋನ್ ಮಾಡಿ ಎಚ್‌ಎಸ್ ಕೋಡ್ ಕೇಳು’ ಅಂತ ಬರೆದೆ (ಸರಕು ಯಾವ ಬಗೆಯದು ಅಂತ ಕಸ್ಟಮ್ಸ್‌ಗೆ ತಿಳಿಸುವ ಸಂಖ್ಯೆ ಅದು). ಬೆಳಿಗ್ಗೆ ಎರಡು ನಿಮಿಷದ ಮಾತು, ಮುಗಿಯಿತು. ಮೂರನೇ ಸಲ ಬರೆಯಬೇಕಾಗಿ ಬಂದರೆ ಅವತ್ತೇ ತೀರ್ಮಾನ ಮಾಡಿ: ಮಾಡುವುದೋ, ಬೇರೆಯವರಿಗೆ ಕೊಡುವುದೋ, ಬಿಡುವುದೋ.

ಗಂಟೆ ಗೊತ್ತುಮಾಡಿದ ಕೆಲಸ ಫೋನಿನ ಅಲಾರಂನಲ್ಲೇ ಇರಲಿ. ಪುಸ್ತಕ ನಿಮ್ಮನ್ನು ಕೂಗಿ ಕರೆಯುವುದಿಲ್ಲವಲ್ಲ.

ಪುಸ್ತಕ ಎ5 ಅಳತೆಯದು, 148ಕ್ಕೆ 210 ಮಿಲಿಮೀಟರ್, ಟಿಫಿನ್ ಡಬ್ಬಿಯ ಪಕ್ಕ ಕೂರುತ್ತದೆ. ಹೊಲಿಗೆಯದೇ ತಗೊಳ್ಳಿ, ಸ್ಪೈರಲ್ ಗರ್ದಿಯಲ್ಲಿ ಬ್ಯಾಗಿನ ದಾರಕ್ಕೆ ಸಿಕ್ಕಿಕೊಳ್ಳುತ್ತದೆ. ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ಅಬ್ದುಲ್ ರೆಹಮಾನ್ ಸ್ಟ್ರೀಟಿನಲ್ಲಿ ಡಜನ್ ಲೆಕ್ಕದಲ್ಲಿ ಸಿಗುತ್ತವೆ. ಜೆಲ್ ಪೆನ್ ಬೇಡ. ಒಂದು ಜುಲೈಯಲ್ಲಿ ಕುರ್ಲಾದಲ್ಲಿ ಹಳಿ ಮೇಲೆ ನೀರು ಬಂದು ಗಾಡಿ ನಿಂತಿತು. ಇಳಿದು ಮಳೆಯಲ್ಲಿ ನಡೆದೆ, ಬ್ಯಾಗು ಪೂರ್ತಿ ನೆನೆಯಿತು. ಮನೆಗೆ ಬಂದು ಫ್ಯಾನಿನ ಕೆಳಗೆ ಪುಸ್ತಕ ಬಿಡಿಸಿಟ್ಟರೆ ಜೆಲ್‌ನಲ್ಲಿ ಬರೆದ ಪುಟವೆಲ್ಲ ನೀಲಿ ಕಲೆ. ಬಾಲ್‌ಪೆನ್ನಿನದು ಅಕ್ಷರ ಅಕ್ಷರವೂ ಉಳಿದಿತ್ತು. ಬಾಲ್‌ಪೆನ್ ಶಾಯಿ ಎಣ್ಣೆಯಂಥದ್ದು, ನೀರಿಗೆ ಬಿಡುವುದಿಲ್ಲ.

ಪುಣೆ, ಹಿಂಜೆವಾಡಿಯಿಂದ:
ಸಂಜೆ ಬರೆಯುವ ಮಾತಿಗೆ ನನ್ನದೂ ಒಂದು ಸೇರಿಸುತ್ತೇನೆ. ಸಾಫ್ಟ್‌ವೇರ್ ಕೆಲಸ, ರಾತ್ರಿ ಮಲಗಿದರೆ ತಲೆಯಲ್ಲಿ ನಾಳೆಯದೇ ಓಡುತ್ತಿತ್ತು. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದ ಒಂದು ಅಧ್ಯಯನ 2018ರಲ್ಲಿ ಬಂದಿತ್ತು. 57 ಜನರಲ್ಲಿ ಕೆಲವರಿಗೆ ಮಲಗುವ ಮುಂಚೆ ಐದು ನಿಮಿಷ ಮುಂದಿನ ಕೆಲಸ ಬರೆಯಲು ಹೇಳಿದ್ದರು, ಉಳಿದವರಿಗೆ ಮುಗಿಸಿದ ಕೆಲಸ. ಮುಂದಿನದನ್ನು ಬರೆದವರು ಸುಮಾರು ಒಂಬತ್ತು ನಿಮಿಷ ಬೇಗ ನಿದ್ದೆ ಹೋದರಂತೆ. ಸಣ್ಣ ಅಧ್ಯಯನವೇ. ಆದರೆ ನನಗೆ ಕೆಲಸ ಮಾಡಿತು. ಈಗ ಪುಸ್ತಕ ದಿಂಬಿನ ಪಕ್ಕದಲ್ಲೇ ಇರುತ್ತದೆ.

ಇನ್ನೊಂದು, ಮೀಟಿಂಗಿನಲ್ಲಿ ಎಡಪುಟಕ್ಕೆ ಮಾತು, ಬಲಪುಟಕ್ಕೆ ನಾನು ಮಾಡಬೇಕಾದ್ದು ಮಾತ್ರ. ಹೊರಗೆ ಬಂದಾಗ ಬಲಪುಟ ಒಂದನ್ನು ನೋಡಿದರೆ ಸಾಕು.

ಗೋವಾ, ವಾಸ್ಕೋದಿಂದ:
ನಾನು ವೆರ್ಣಾದ ಔಷಧ ಕಾರ್ಖಾನೆಯಲ್ಲಿದ್ದೇನೆ. ಅಲ್ಲಿ ದಾಖಲೆ ಪುಸ್ತಕದಲ್ಲಿ ತಪ್ಪಾದರೆ ವೈಟ್ನರ್ ಹಚ್ಚುವಂತಿಲ್ಲ, ಗೀಚಿ ಮುಚ್ಚುವಂತಿಲ್ಲ. ಕೆಳಗಿನ ಅಕ್ಷರ ಕಾಣುವ ಹಾಗೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ಸಹಿ, ತಾರೀಖು ಹಾಕಬೇಕು. ಬೇಕಿದ್ದರೆ ಕಾರಣವನ್ನೂ. ಸ್ವಂತ ಪುಸ್ತಕಕ್ಕೂ ಅದನ್ನೇ ಮಾಡಿಕೊಂಡಿದ್ದೇನೆ. ಬಿಟ್ಟ ಕೆಲಸದ ಪಕ್ಕ ‘ಮ್ಯಾನೇಜರ್ ಬೇಡ ಅಂದರು’ ಅಂತ ಮೂರು ಪದ, ತಾರೀಖು. ಮೂರು ತಿಂಗಳ ನಂತರ ‘ಇದು ಯಾಕೆ ಆಗಲಿಲ್ಲ’ ಅಂತ ಕೇಳಿದಾಗ ಪುಟ ತೆಗೆದು ನೋಡಿ ಹೇಳುತ್ತೇನೆ. ಹಾಗಾಗಿ ದಯವಿಟ್ಟು ಹಾಳೆ ಹರಿಯಬೇಡಿ.

ಠಾಣೆಯಿಂದ:
ನನಗೆ ಪುಸ್ತಕದಿಂದ ಒಂದು ತೊಂದರೆ ಆಯಿತು. ಊರಿನ ಜಾತ್ರೆಗೆ ಅಂತ ವಾರ ರಜೆ ಹಾಕಿದ್ದೆ. ಬಾಕಿ ಕೆಲಸವೆಲ್ಲ ನನ್ನ ಪುಸ್ತಕದಲ್ಲಿ, ಪುಸ್ತಕ ಬ್ಯಾಗಿನಲ್ಲಿ, ಬ್ಯಾಗು ಬಂಟ್ವಾಳದಲ್ಲಿ! ಆಫೀಸಿನವರು ದಿನಕ್ಕೆ ಆರು ಸಲ ಫೋನ್ ಮಾಡಿದರು. ನಾಲ್ಕು ಜನ ಸೇರಿ ಮಾಡುವ ಕೆಲಸ ಎಲ್ಲರೂ ನೋಡುವ ಶೀಟಿನಲ್ಲೂ ಇರಬೇಕು.

ಅಂಧೇರಿಯಿಂದ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಒಂದು ಸಂಶಯ. ಸಾಹೇಬರು ಓಡಾಡುತ್ತಾ ಹೇಳಿದ್ದನ್ನು ಎಲ್ಲಿ ಬರೆಯಲಿ? ಆಗ ಪುಸ್ತಕ ಮೇಜಿನ ಮೇಲೆ ಇರುತ್ತದೆ.

ಡೊಂಬಿವಲಿಯಿಂದ:
ಠಾಣೆಯವರ ಮಾತು ಸರಿ, ನಾನೂ ರಜೆಗೆ ಮುಂಚೆ ಪುಟದ ಫೋಟೋ ತೆಗೆದು ಜೊತೆಯವರಿಗೆ ಕಳಿಸುತ್ತೇನೆ.

ನಿಮ್ಮ ಸಂಶಯಕ್ಕೆ: ಸಾಹೇಬರನ್ನು ‘ಒಂದು ನಿಮಿಷ ಸರ್, ಬರೆದುಕೊಳ್ಳುತ್ತೇನೆ’ ಅಂತ ನಿಲ್ಲಿಸಿ. ತಪ್ಪು ತಿಳಿಯುವುದಿಲ್ಲ. ನಮ್ಮವರು ಮೊದಲ ವಾರ ಹುಬ್ಬು ಏರಿಸಿದರು. ಈಗ ನನ್ನ ಮೇಜಿನ ಹತ್ತಿರ ಬಂದು, ನಾನು ಪೆನ್ನು ತೆಗೆಯುವವರೆಗೆ ಕಾಯುತ್ತಾರೆ.