ಸಹಾಯ ಬೇಕು: ಕೂದಲು ನೆಡಿಸಿಕೊಂಡಿದ್ದನ್ನು ಮನೆಯಲ್ಲಿ ಹೇಗೆ ಹೇಳಲಿ?

ಎಲ್ಲರಿಗೂ ನಮಸ್ಕಾರ. ನಾನು ರಾಯಚೂರಿನವನು, ವಯಸ್ಸು 31. ನಾಲ್ಕು ವಾರದ ಹಿಂದೆ ಹೈದರಾಬಾದಿಗೆ ಹೋಗಿ ಹೇರ್ ಟ್ರಾನ್ಸ್‌ಪ್ಲಾಂಟ್ ಮಾಡಿಸಿಕೊಂಡು ಬಂದೆ. ಮನೆಯಲ್ಲಿ ಕಂಪನಿ ಟ್ರೇನಿಂಗ್ ಅಂತ ಹೇಳಿದ್ದೆ. ತಲೆಯ ಹಿಂಭಾಗದಿಂದ ಕೂದಲನ್ನು ಬೇರು ಸಮೇತ ತೆಗೆದು ಮುಂದೆ ನೆಟ್ಟಿದ್ದಾರೆ. ನೆಟ್ಟ ಕೂದಲು ಈಗ ಉದುರುತ್ತಿದೆ. ಬೇರು ಒಳಗೇ ಇರುತ್ತದೆ, ಮೂರು-ನಾಲ್ಕು ತಿಂಗಳಿಗೆ ಮತ್ತೆ ಚಿಗುರುತ್ತದೆ, ಪೂರ್ತಿ ಕಾಣಲು ಸುಮಾರು ಒಂದು ವರ್ಷ ಬೇಕು ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ಅದರ ಬಗ್ಗೆ ನನಗೆ ಭಯ ಇಲ್ಲ.

ಭಯ ಇರುವುದು ಬೇರೆ. ಈ ಬಿಸಿಲಲ್ಲಿ ಮನೆಯೊಳಗೂ ಟೋಪಿ ಹಾಕಿಕೊಂಡೇ ಕೂರುತ್ತೇನೆ. "ತಲೆಗೆ ಏನಾಗಿದೆ?" ಅಂತ ಅವ್ವ ದಿನಾ ಕೇಳುತ್ತಾಳೆ. ಚಿಕ್ಕಂದಿನಿಂದ ನನಗೆ ಕಟಿಂಗ್ ಮಾಡಿದ ಕಾಕಾ ಅವರ ಅಂಗಡಿ ಮುಂದೆ ಹೋಗುವುದನ್ನೇ ಬಿಟ್ಟಿದ್ದೇನೆ. ತಲೆಯ ಹಿಂದೆ ಕೂದಲು ತೆಗೆದ ಚುಕ್ಕೆ ಗುರುತು ನೋಡಿದರೆ ಅವರಿಗೆ ಗೊತ್ತಾಗೇ ಆಗುತ್ತದೆ. ಹಲ್ಲು ಕಟ್ಟಿಸಿಕೊಂಡರೆ ಯಾರೂ ಏನೂ ಅನ್ನುವುದಿಲ್ಲ. ಕೂದಲಿಗೆ ಮಾತ್ರ "ಗಂಡಸಿಗೆ ಇದೆಲ್ಲ ಯಾಕೆ" ಅಂತಾರೆ. ಮಾಡಿಸಿಕೊಂಡಿದ್ದು ನನಗೆ ತಪ್ಪು ಅನಿಸಿಲ್ಲ. ಅವ್ವನಿಗೆ ಸುಳ್ಳು ಹೇಳಿದ್ದು ಮಾತ್ರ ಚುಚ್ಚುತ್ತಿದೆ.

ಮುಂದಿನ ತಿಂಗಳು ಲಿಂಗಸುಗೂರಿಗೆ ಹೆಣ್ಣು ನೋಡಲು ಹೋಗಬೇಕು. ಹುಡುಗಿಗೆ ಮೊದಲೇ ಹೇಳಬೇಕು ಅಲ್ವಾ? ಅದಕ್ಕೂ ಮುಂಚೆ ಅವ್ವನಿಗೆ ಹೇಳಲೋ, ಅಪ್ಪನಿಗೋ? ನಮ್ಮ ಕಡೆ ಯಾರಾದರೂ ಮಾಡಿಸಿಕೊಂಡಿದ್ದರೆ, ಮನೆಯಲ್ಲಿ ಮಾತು ಹೇಗೆ ತೆಗೆದಿರಿ, ದಯವಿಟ್ಟು ತಿಳಿಸಿ. ಇಲ್ಲಿ ಬರೆಯಲು ಸಂಕೋಚ ಆದರೆ ನನಗೆ ಮೆಸೇಜ್ ಮಾಡಿ. ನಿಮ್ಮ ಹೆಸರು ಯಾರಿಗೂ ಹೇಳುವುದಿಲ್ಲ.