ಸಹಾಯ ಬೇಕು: ಅಮೃತಬಳ್ಳಿ ಸಾರದ ಪರಿಣಾಮವೋ, ಎಂಡೋಟಾಕ್ಸಿನ್ ಕೆಲಸವೋ?

ಎಲ್ಲರಿಗೂ ನಮಸ್ಕಾರ. ಅಮೃತಬಳ್ಳಿ ಕಾಂಡದ ನೀರಿನ ಸಾರವನ್ನು ಇಲಿಯ ಮ್ಯಾಕ್ರೋಫೇಜ್ (ರೋಗನಿರೋಧಕ) ಕೋಶಗಳ ಮೇಲೆ ಪರೀಕ್ಷೆ ಮಾಡುತ್ತಿದ್ದೇನೆ. ಎಲ್‌ಪಿಎಸ್ (ಬ್ಯಾಕ್ಟೀರಿಯಾದ ಹೊರಪದರದಿಂದ ಬರುವ ಎಂಡೋಟಾಕ್ಸಿನ್) ಹಾಕದೆ ಬರೀ ಸಾರ ಹಾಕಿದ ವೆಲ್‌ಗಳಲ್ಲೂ (ಪ್ಲೇಟಿನ ಗುಂಡಿಗಳಲ್ಲೂ) ಉರಿಯೂತದ ಸಂಕೇತವಾದ ಟಿಎನ್‌ಎಫ್-ಆಲ್ಫಾ ತುಂಬಾ ಜಾಸ್ತಿ ಬರುತ್ತಿದೆ. ಮೊದಲ ದಿನ ಖುಷಿಪಟ್ಟೆ. ಈಗ ಅನುಮಾನ ಶುರುವಾಗಿದೆ: ಸಾರದಲ್ಲಿ ಬೆರೆತ ಎಂಡೋಟಾಕ್ಸಿನ್ ಹೀಗೆ ಮಾಡುತ್ತಿದೆಯಾ?

ಸಾರವನ್ನು 0.22 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿದ್ದೇನೆ. ಆದರೆ ಅದು ಬ್ಯಾಕ್ಟೀರಿಯಾವನ್ನು ತಡೆಯುತ್ತದೆ ಅಷ್ಟೇ, ಎಂಡೋಟಾಕ್ಸಿನ್ ದಾಟಿಬಿಡುತ್ತದೆ ಅಲ್ವಾ? ಕುದಿಸಿದರೂ ಹೋಗುವುದಿಲ್ಲ. ಎಂಡೋಟಾಕ್ಸಿನ್ ಅನ್ನು ಹಿಡಿದಿಡುವ ಪಾಲಿಮಿಕ್ಸಿನ್ ಬಿ ಸೇರಿಸಿ ನೋಡಿದೆ. ಏರಿಕೆ ಸುಮಾರು ಅರ್ಧಕ್ಕೆ ಇಳಿಯಿತು, ಪೂರ್ತಿ ನಿಲ್ಲಲಿಲ್ಲ. ಎಂಡೋಟಾಕ್ಸಿನ್ ಗುರುತಿಸುವ ಕೋಶದ ಗ್ರಾಹಕ ಟಿಎಲ್‌ಆರ್4 ತಡೆದು ನೋಡೋಣ ಎಂದರೆ, ಈ ಬಳ್ಳಿಯ ಪಾಲಿಸ್ಯಾಕರೈಡ್ (ಉದ್ದನೆಯ ಸಕ್ಕರೆ ಸರಪಳಿ) ಕೂಡ ಅದೇ ಗ್ರಾಹಕದ ಮೂಲಕ ಕೆಲಸ ಮಾಡುತ್ತದೆ. ಹಾಗಾಗಿ ಎರಡನ್ನೂ ಬೇರೆ ಮಾಡಲು ಆಗುತ್ತಿಲ್ಲ.

ಎಂಡೋಟಾಕ್ಸಿನ್ ಅಳೆಯುವ ಎಲ್‌ಎಎಲ್ ಪರೀಕ್ಷೆಗೆ ಬೀಟಾ-ಗ್ಲೂಕನ್ ಎಂಬ ಪಾಲಿಸ್ಯಾಕರೈಡ್ ಅಡ್ಡಬಂದು ಸುಳ್ಳು ಪಾಸಿಟಿವ್ ಕೊಡಬಹುದು. ಬೀಟಾ-ಗ್ಲೂಕನ್‌ಗೆ ಸ್ಪಂದಿಸದೆ ಎಂಡೋಟಾಕ್ಸಿನ್ ಅಳೆಯುವ ರೀಕಾಂಬಿನೆಂಟ್ ಫ್ಯಾಕ್ಟರ್ ಸಿ ವಿಧಾನವನ್ನು ಗಿಡದ ಸಾರಕ್ಕೆ ಬಳಸಿದವರು ಯಾರಾದರೂ ಇದ್ದೀರಾ? ಸಾರವನ್ನು ಎಷ್ಟು ಪಟ್ಟು ತೆಳು ಮಾಡಿದಿರಿ?

ಇನ್ನೊಂದು ವಿಷಯ. ಬದುಕಿರುವ ಕೋಶಗಳಿದ್ದರೆ ನೇರಳೆಯಾಗುವ ಎಂಟಿಟಿ ಹಾಕಿದಾಗ ಕೋಶಗಳೇ ಇಲ್ಲದ, ಸಾರ ಮಾತ್ರ ಇದ್ದ ವೆಲ್ ಕೂಡ ನೇರಳೆಯಾಯಿತು. ಸಾರದ ಪಾಲಿಫಿನಾಲ್‌ಗಳೇ ಬಣ್ಣ ತಂದಿರಬೇಕು. ಕೋಶ ಬದುಕಿವೆಯಾ ಎಂದು ನೋಡಲು ನೀವು ಬೇರೆ ಏನು ಬಳಸುತ್ತೀರಿ? ಬೇರೆಯವರು ನಂಬಿ ಮುಂದುವರಿಸುವ ಫಲಿತಾಂಶ ಇದು, ತಪ್ಪು ಬರೆಯಲು ಮನಸ್ಸಿಲ್ಲ. ಗೊತ್ತಿದ್ದವರು ದಯವಿಟ್ಟು ತಿಳಿಸಿ.