ತಮ್ಮನ ಹೊಸ ರೈಫಲ್‌ನಲ್ಲಿ ಐರನ್ ಸೈಟ್ ಇಲ್ಲ, ಕೂರಿಸಬೇಕಾ?

ತೀರ್ಥಹಳ್ಳಿ_ಅಡಿಕೆ:
ನನ್ನ ತಮ್ಮ ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿ ಜಿಂಕೆ ಬೇಟೆಗೆ ಅಡ್ಡಿಯಿಲ್ಲ. ಕೆಂಪು ಜಿಂಕೆ ಆ ನೆಲದ್ದೇ ಅಲ್ಲ, 19ನೇ ಶತಮಾನದಲ್ಲಿ ಹೊರಗಿಂದ ತಂದು ಬಿಟ್ಟಿದ್ದು. ಈಗ ಕಾಡಿನ ಎಳೆ ಗಿಡಗಳನ್ನೆಲ್ಲ ಮೇಯುತ್ತವಂತೆ. ಲೈಸೆನ್ಸ್, ಪರ್ಮಿಟ್ ಎಲ್ಲ ಆಗಿದೆ. ಟಿಕ್ಕಾ ಟಿ3ಎಕ್ಸ್ ರೈಫಲ್ .308 ತೋಟಾ ಅಳತೆಯಲ್ಲಿ ನೋಡಿದ್ದಾನೆ. ಫೋಟೋ ಕಳಿಸಿದ. ನಳಿಗೆ ಪೂರ್ತಿ ಬೋಳು! ಗುರಿ ಹಿಡಿಯಲು ಮುಂದೆ ಮಣಿಯಿಲ್ಲ, ಹಿಂದೆ ಸೈಟ್ ಇಲ್ಲ, ಅಂದರೆ ಐರನ್ ಸೈಟೇ ಇಲ್ಲ. ದುರ್ಬೀನಿನಂಥ ಸ್ಕೋಪ್ ಮಾತ್ರ. ಅಂಗಡಿಯವರು 'ಈಗ ಅದನ್ನು ಯಾರೂ ಕೇಳಲ್ಲ' ಅಂದರಂತೆ.

ನಮ್ಮ ಮನೆಯಲ್ಲಿ ಅಜ್ಜನಿಂದ ಅಪ್ಪನಿಗೆ ಬಂದ ಲೈಸೆನ್ಸಿನ .315 ರೈಫಲ್ ಇದೆ, ಇಷಾಪುರದ ಕಾರ್ಖಾನೆಯದು. ಐರನ್ ಸೈಟ್ ಇಲ್ಲದ ರೈಫಲ್ ಅಂದರೆ ಅಪ್ಪನಿಗೆ ನಂಬಿಕೆಯೇ ಬರುತ್ತಿಲ್ಲ. ಕಾಡಿನ ಮಧ್ಯೆ ಸ್ಕೋಪ್ ಕೈಕೊಟ್ಟರೆ ಏನು ಗತಿ? ಬೇರೆ ಕಡೆ ಕೊಟ್ಟು ಸೈಟ್ ಕೂರಿಸಬೇಕಾ?

ಶಿವಮೊಗ್ಗ_ಕನ್ನಡಕ:
ಕೋವಿ ವಿಷಯ ನನಗೆ ಅಷ್ಟು ಗೊತ್ತಿಲ್ಲ, ಕಣ್ಣಿನ ವಿಷಯ ಹೇಳುತ್ತೇನೆ. ಐರನ್ ಸೈಟಿನಲ್ಲಿ ಹಿಂದಿನ ಸೈಟ್, ಮುಂದಿನ ಮಣಿ, ಗುರಿ, ಮೂರೂ ಬೇರೆ ಬೇರೆ ದೂರದಲ್ಲಿರುತ್ತವೆ. ಕಣ್ಣು ಒಂದು ಸಲಕ್ಕೆ ಒಂದನ್ನು ಮಾತ್ರ ಸ್ಪಷ್ಟವಾಗಿ ನೋಡುತ್ತದೆ. ನಲವತ್ತು ದಾಟಿ ಚಾಳೀಸು ಬಂದವರಿಗೆ ಹಿಂದಿನ ಸೈಟ್ ಪೂರ್ತಿ ಮಸುಕು. ಸ್ಕೋಪಿನಲ್ಲಿ ಗುರಿಯೂ ಗೆರೆಯೂ ಒಂದೇ ತಲದಲ್ಲಿ ಕಾಣುತ್ತವೆ, ಕಣ್ಣಿಗೆ ಶ್ರಮವಿಲ್ಲ. ತಮ್ಮನ ವಯಸ್ಸೆಷ್ಟು?

ತೀರ್ಥಹಳ್ಳಿ_ಅಡಿಕೆ:
ಮೂವತ್ತೊಂದು.

ಹೊಸನಗರ_ಹಳೇಕೋವಿ:
ನಾನು ಸೈನ್ಯದಲ್ಲಿ ಆರ್ಮರರ್ (ಕೋವಿ ರಿಪೇರಿ ಮಾಡುವವನು) ಆಗಿದ್ದವನು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ನಾನು ಐರನ್ ಸೈಟ್ ಇರಲಿ ಎನ್ನುವ ಪಕ್ಷ. ಆದರೆ ಈಗಿನ ರೈಫಲ್ ಮೇಲೆ ಸುಮ್ನೆ ಒಂದು ಜೊತೆ ಸೈಟ್ ಕೂರಿಸಿದರೆ ಅದು ಶೋಕಿ ಅಷ್ಟೇ. ಮೊದಲು ಸ್ಟಾಕ್, ಅಂದರೆ ಭುಜಕ್ಕೆ ಆನಿಸುವ ಹಿಂಭಾಗ ನೋಡಬೇಕು. ನಿಮ್ಮ ಮನೆಯ .315 ಬ್ರಿಟಿಷ್ ಸೈನ್ಯದ ಹಳೆಯ ಲೀ-ಎನ್‌ಫೀಲ್ಡ್ ರೈಫಲ್ ಜಾತಿಯದು. ಕೆನ್ನೆ ತಾಗುವ ಜಾಗ ಕೆಳಕ್ಕೆ ಇಳಿದಿರುತ್ತದೆ. ಕೆನ್ನೆ ಇಟ್ಟರೆ ಕಣ್ಣು ತಾನಾಗಿ ಸೈಟಿನ ನೇರಕ್ಕೆ ಬರುತ್ತದೆ. (ಆ .315 ನಮ್ಮ ದೇಶದಲ್ಲಿ ಉಳಿದ ಕಾರಣವೂ ಸ್ವಾರಸ್ಯದ್ದು. ಸೈನ್ಯದ .303 ತೋಟಾ ಜನರ ಕೈಗೆ ಹೋಗಬಾರದು ಎಂದು ಬ್ರಿಟಿಷರು ತಡೆದಿದ್ದರು. ಅದಕ್ಕೇ ಬೇರೆ ಅಳತೆಯ ತೋಟಾ ಬಂತು.) ಈಗಿನ ಸ್ಟಾಕ್ ಸ್ಕೋಪಿನ ಎತ್ತರಕ್ಕೆ ಮಾಡಿದ್ದು, ಕೆನ್ನೆಯ ಜಾಗ ಮೇಲೆ. ಅದರಲ್ಲಿ ಐರನ್ ಸೈಟ್ ಹುಡುಕಲು ಕೆನ್ನೆ ಒತ್ತಿ ಕತ್ತು ಸೊಟ್ಟ ಮಾಡಬೇಕು. ಪ್ರಾಣಿ ಎದುರಿಗಿರುವಾಗ ಅದು ಆಗುವ ಮಾತಲ್ಲ.

ಇನ್ನು, ಸ್ಕೋಪ್ ಕೆಟ್ಟರೆ ಅದನ್ನು ಬಿಚ್ಚಬೇಕಲ್ವಾ? ಸ್ಕೋಪ್ ಹಿಡಿದಿಡುವ ಮೌಂಟ್ ಸಾಮಾನ್ಯದ್ದಾದರೆ ಸ್ಕ್ರೂ ಬಿಚ್ಚುವ ಕೀಲಿ ಬೇಕು. ಮಳೆಯಲ್ಲಿ, ಚಳಿಯಲ್ಲಿ, ಕೈ ಮರಗಟ್ಟಿರುವಾಗ? ಲಿವರ್ ತಿರುಗಿಸಿದರೆ ಬಿಚ್ಚಿಕೊಳ್ಳುವ ಮೌಂಟ್ ಇದ್ದರೆ ಮಾತ್ರ ಐರನ್ ಸೈಟ್ ಉಪಯೋಗಕ್ಕೆ ಬರುತ್ತದೆ. ಅದನ್ನೂ ಅದೇ ತೋಟಾದಲ್ಲಿ ರೇಂಜಿನಲ್ಲಿ ಹೊಡೆದು ಜೀರೋ ಮಾಡಿಟ್ಟಿರಬೇಕು, ಅಂದರೆ ಗುರಿ ಇಟ್ಟ ಕಡೆಯೇ ಗುಂಡು ಬೀಳುವ ಹಾಗೆ ಹೊಂದಿಸಿರಬೇಕು. ಕಾರ್ಖಾನೆಯಿಂದ ಬಂದ ಹಾಗೆ ಬಿಟ್ಟ ಸೈಟನ್ನು ನಂಬಿ ಒಂದು ಜೀವದ ಮೇಲೆ ಗುಂಡು ಹಾರಿಸುವುದು ತಪ್ಪು. ಗಾಯಗೊಂಡ ಪ್ರಾಣಿ ಹಳುವಿನೊಳಗೆ (ಪೊದೆಕಾಡಿನೊಳಗೆ) ನರಳುತ್ತಾ ಸಾಯುತ್ತದೆ. ಅದನ್ನು ನನ್ನಿಂದ ಒಪ್ಪಲಾಗುವುದಿಲ್ಲ.

ಎಲ್ಲಿಗೆ ಐರನ್ ಸೈಟ್ ಅಂದರೆ, ಹತ್ತಿರಕ್ಕೆ. 1972ರ ವನ್ಯಜೀವಿ ಕಾಯ್ದೆಗೆ ಮೊದಲು ನಮ್ಮ ಕಡೆ ಹಳು ನುಗ್ಗಿಸಿ ಹಂದಿ ಹೊಡೆಯುತ್ತಿದ್ದರು. ಬಿಲ್ಲಿಗೆ (ಕೋವಿ ಹಿಡಿದು ಕಾಯುವ ಜಾಗಕ್ಕೆ) ನಿಂತವನ ಮುಂದೆ ಹಂದಿ ಇಪ್ಪತ್ತು ಹೆಜ್ಜೆಯಲ್ಲಿ ನುಗ್ಗಿ ಬರುತ್ತಿತ್ತು. ಅಲ್ಲಿ ಒಂಬತ್ತು ಪಟ್ಟು ದೊಡ್ಡದು ಮಾಡುವ ಸ್ಕೋಪಿನಲ್ಲಿ ನೋಡಿದರೆ ಬರೀ ಕೂದಲು ಕಾಣುತ್ತದೆ! ಬೆಂಗಳೂರಿನ ಬೇಟೆಗಾರ, ಲೇಖಕ ಕೆನೆತ್ ಆಂಡರ್ಸನ್ .405 ವಿಂಚೆಸ್ಟರ್ ರೈಫಲ್ ಹಿಡಿದು ಮಲೆನಾಡು ಸುತ್ತಿದ್ದು ಇಂಥ ಹತ್ತಿರದ ಗುರಿಗೇ. ಯುರೋಪಿನಲ್ಲಿ ಇವತ್ತೂ ಹಂದಿ ಓಡಿಸಿ ಹೊಡೆಯುವ ಬೇಟೆಗೆ ಐರನ್ ಸೈಟಿನ ರೈಫಲ್ ಮಾಡುತ್ತಾರೆ. ಅಲಾಸ್ಕಾದಲ್ಲಿ ಕರಡಿ ಬೇಟೆಗೆ ಜೊತೆಗೆ ಹೋಗುವ ಗೈಡುಗಳೂ ಬಿಟ್ಟಿಲ್ಲ.

ದೂರಕ್ಕೆ ಬೇಡ. ಲೆಕ್ಕ ಹಾಕಿ: 2 ಮಿ.ಮೀ. ಮಣಿ ಕಣ್ಣಿಂದ 80 ಸೆಂ.ಮೀ. ಆಚೆ ಇದ್ದರೆ 100 ಮೀಟರಿನಲ್ಲಿ 25 ಸೆಂ.ಮೀ. ಜಾಗ ಮುಚ್ಚುತ್ತದೆ. ಜಿಂಕೆಯ ಎದೆಯಲ್ಲಿ ಹೊಡೆಯಬೇಕಾದ ಜಾಗವೇ ಕಾಣಲ್ಲ. ಸಂಜೆ ಮಬ್ಬಿನಲ್ಲಿ ಇನ್ನೂ ಕಷ್ಟ, ಒಳ್ಳೆ ಸ್ಕೋಪಿನಲ್ಲಿ ಕಾಣುವ ಜಿಂಕೆ ಐರನ್ ಸೈಟಿನಲ್ಲಿ ಬರೀ ಕಪ್ಪು.

ಹಾಗಾಗಿ ಬೋಳು ನಳಿಗೆಗೆ ಬೆಸುಗೆ ಹಾಕಿಸಬೇಡಿ. ಟಿಕ್ಕಾದಲ್ಲೇ ಐರನ್ ಸೈಟ್ ಇರುವ ಮಾದರಿ ಬರುತ್ತದೆ. ಇಲ್ಲವೇ ರೂಗರ್‌ನ ಗನ್‌ಸೈಟ್ ಸ್ಕೌಟ್ ನೋಡಲಿ, .308ರಲ್ಲೇ ಇದೆ, ಹಿಂದೆ ತೂತಿನ ಸೈಟ್. ನಮ್ಮ ಸೈನ್ಯದ ಹಳೆಯ ರೈಫಲ್ ಎಸ್‌ಎಲ್‌ಆರ್‌ನಲ್ಲೂ ತೂತಿನ ಸೈಟೇ ಇತ್ತು. ಅದರಷ್ಟು ಚುರುಕು ಇನ್ನೊಂದಿಲ್ಲ.

ಶಿವಮೊಗ್ಗ_ಕನ್ನಡಕ:
ತೂತಿನ ಸೈಟ್ ಆದರೆ ನಾನೂ ಒಪ್ಪುತ್ತೇನೆ. ಸಣ್ಣ ತೂತಿನ ಮೂಲಕ ನೋಡಿದರೆ ಹತ್ತಿರದ್ದೂ ದೂರದ್ದೂ ಸುಮಾರಾಗಿ ಸ್ಪಷ್ಟವಾಗುತ್ತವೆ. ಚಾಳೀಸಿನವರಿಗೂ ನಡೆಯುತ್ತದೆ.

ಆಗುಂಬೆ_ಮಳೆ:
ನನಗೆ ಇಷ್ಟೆಲ್ಲ ತಾಪತ್ರಯ ಬೇಡ ಅನ್ನಿಸುತ್ತದೆ. ನಮ್ಮ ಮಳೆಗಾಲದಲ್ಲಿ ಬೈನಾಕ್ಯುಲರ್ ಗಾಜಿಗೆ ಬೂಸ್ಟು ಹಿಡಿಯುವುದು ನೋಡಿ ಅಪ್ಪನಿಗೆ ಹೆದರಿಕೆ ಇರಬಹುದು. ಈಗಿನ ಸ್ಕೋಪಿನೊಳಗೆ ನೈಟ್ರೋಜನ್ ತುಂಬಿ ಮುಚ್ಚಿರುತ್ತಾರೆ, ಒಳಗೆ ಮಂಜು ಕೂರಲ್ಲ. ಹೊರಗಿನ ಹನಿಗೆ ಮುಚ್ಚಳ ಸಾಕು. ಕಡಿಮೆ ಪವರಿನ ಒಳ್ಳೆ ಸ್ಕೋಪ್ ತಗೊಳ್ಳಲಿ, 1ರಿಂದ 6 ಪಟ್ಟಿನದು. ಹತ್ತಿರಕ್ಕೂ ಆಗುತ್ತದೆ.

ಒಂದು ಮಾತು ಮಾತ್ರ ತಮ್ಮನಿಗೆ ಹೇಳಿ. ಆ ದೇಶದ ಏಳು ಸುರಕ್ಷತಾ ನಿಯಮಗಳಲ್ಲಿ ನಾಲ್ಕನೆಯದು, ಗುರಿ ಏನೆಂದು ಎಳ್ಳಷ್ಟೂ ಅನುಮಾನ ಇರಬಾರದು ಅನ್ನುವುದು. ಪೊದೆ ಅಲ್ಲಾಡಿದ್ದಕ್ಕೆ ಹಂದಿ ಅಂತ ಹೊಡೆದು ಮನುಷ್ಯ ಸತ್ತ ಸುದ್ದಿ ನಮ್ಮ ಕಡೆಯೂ ಕೇಳಿದ್ದೇವೆ. ಸ್ಕೋಪ್ ಇದೆ ಅಂತ ರೈಫಲ್ ಎತ್ತಿ ಹುಡುಕಬಾರದು, ಅದರಲ್ಲಿ ಕಾಣುವುದು ಮನುಷ್ಯ ಆಗಿರಬಹುದು. ಹುಡುಕಲು ಕುತ್ತಿಗೆಯಲ್ಲಿ ಬೈನಾಕ್ಯುಲರ್ ಇರಲಿ.

ತೀರ್ಥಹಳ್ಳಿ_ಅಡಿಕೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಪ್ಪನಿಗೆ ಓದಿ ಹೇಳಿದೆ. ಸ್ಟಾಕ್ ಎತ್ತರ ಸರಿ ಇದೆಯಾ ಅಂತ ಅಂಗಡಿಯಲ್ಲೇ ನೋಡುವುದು ಹೇಗೆ?

ಹೊಸನಗರ_ಹಳೇಕೋವಿ:
ಬೋಲ್ಟ್ ತೆಗೆದು ಖಾಲಿ ಅಂತ ಕಣ್ಣಾರೆ ನೋಡಲಿ. ಐರನ್ ಸೈಟ್ ಇರುವ ಮಾದರಿಯನ್ನು ಸ್ಕೋಪ್ ಇಲ್ಲದೆ ಕೇಳಿ ಪಡೆಯಲಿ. ಗೋಡೆಯ ಕಡೆ ಹಿಡಿದು, ಕಣ್ಣು ಮುಚ್ಚಿ, ಭುಜಕ್ಕೆ ತಂದು ಕೆನ್ನೆ ಇಟ್ಟು ಆಮೇಲೆ ಕಣ್ಣು ಬಿಡಲಿ. ಮಣಿ ಹಿಂದಿನ ಸೈಟಿನ ಮಧ್ಯೆಯೇ ಕಂಡರೆ ಸರಿ. ಮಣಿ ಮೇಲೆ ತೇಲುತ್ತಿದ್ದರೆ ಸ್ಟಾಕ್ ಎತ್ತರ ಜಾಸ್ತಿ. ಚಳಿಗಾಲದ ದಪ್ಪ ಜಾಕೆಟ್ ಹಾಕಿಕೊಂಡೇ ನೋಡಲಿ, ಅದರಲ್ಲಿ ಅಳತೆ ಬದಲಾಗುತ್ತದೆ.